ಪಾರ್ಕಿನ್ಸನ್ ಇರುವ ಅಪ್ಪನಿಗೆ ಮನೆಯಲ್ಲಿ ರೋಬೋಟ್: ಹಳ್ಳಿಮನೆಗೆ ಒಗ್ಗುತ್ತದಾ?

ತೋಟದಮನೆ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಶಿರಸಿ ತಾಲ್ಲೂಕಿನ ಹಳ್ಳಿ, ಅಡಿಕೆ ತೋಟದ ಮನೆ. ಕೂಗಿದರೆ ಪಕ್ಕದ ಮನೆಗೆ ಕೇಳುವುದಿಲ್ಲ. ಮನೆಯಲ್ಲಿ ಅಪ್ಪಯ್ಯ, ಆಯಿ (ಅಮ್ಮ) ಇಬ್ಬರೇ. ಅಪ್ಪಯ್ಯನಿಗೆ 76, ಪಾರ್ಕಿನ್ಸನ್ ಅಂತ ಗೊತ್ತಾಗಿ ಆರು ವರ್ಷ. ಕೈ ನಡುಗುವುದು ಅಷ್ಟೇನಿಲ್ಲ, ಮೈ ಬಿಗಿಯುವುದು, ಕಾಲು ನೆಲಕ್ಕೆ ಅಂಟಿಕೊಂಡ ಹಾಗಾಗುವುದು ಜಾಸ್ತಿ. ಜಗಲಿಯಿಂದ ನಡುಮನೆಗೆ ಬರುವ ಬಾಗಿಲಲ್ಲಿ ನಿಂತರೆ ನಿಂತೇ ಬಿಡ್ತಾರೆ. ಎಳೆದರೆ ಬೀಳ್ತಾರೆ, ಬಿಟ್ಟರೆ ಮುಂದೆ ಹೋಗೋದಿಲ್ಲ. ದನಿಯೂ ಇಳಿದಿದೆ. ಊರಿನ ತಾಳಮದ್ದಲೆಯಲ್ಲಿ ಭಾಗವತಿಕೆ ಮಾಡ್ತಿದ್ದವರು, ಈಗ ಫೋನಿನಲ್ಲಿ ಅವರು ಏನಂದರು ಅಂತ ಆಯಿ ಇನ್ನೊಮ್ಮೆ ಹೇಳಬೇಕು. ಮಾತ್ರೆ ದಿನಕ್ಕೆ ಐದು ಹೊತ್ತು, ಅದೂ ಗಡಿಯಾರ ನೋಡಿಕೊಂಡು.

ಆಯಿಗೆ 70. ಎರಡೂ ಮಂಡಿ ನೋವು. ಅಪ್ಪಯ್ಯ ಬಿದ್ದರೆ ಎತ್ತುವ ಶಕ್ತಿ ಇಲ್ಲ. ಹೋದ ಮಳೆಗಾಲದಲ್ಲಿ ಬಚ್ಚಲಲ್ಲಿ ಬಿದ್ದಿದ್ದರು. ಆಯಿ ಕೊಟ್ಟಿಗೆಯಲ್ಲಿದ್ದಳು, ಮಳೆ ಸದ್ದಿಗೆ ಏನೂ ಕೇಳಲಿಲ್ಲ. ಪುಣ್ಯಕ್ಕೆ ಮೂಳೆಗೇನೂ ಆಗಲಿಲ್ಲ.

ನಾನು ಬೆಂಗಳೂರು, ಅಣ್ಣ ಅಮೆರಿಕದ ಸಿಯಾಟಲ್. ಅಣ್ಣ ಈಗ ಒಂದು ರೋಬೋಟ್ ಕಳಿಸ್ತೇನೆ ಅಂತ ಹಟ ಹಿಡಿದಿದ್ದಾನೆ. ಮೊಣಕಾಲೆತ್ತರದ್ದು, ಚಕ್ರ ಇದೆ, ಮೇಲೆ ಸ್ಕ್ರೀನು, ಕ್ಯಾಮೆರಾ. ಮನೆಯೆಲ್ಲ ಓಡಾಡ್ತದೆ, ಮಾತ್ರೆ ಹೊತ್ತಿಗೆ ಕರೆದು ಹೇಳ್ತದೆ, ನಾವು ಇಲ್ಲಿಂದಲೇ ಅದನ್ನ ನಡೆಸಿ ಅಪ್ಪಯ್ಯ ಎಲ್ಲಿದ್ದಾರೆ ನೋಡಬಹುದು. ಬಿದ್ದರೆ ಫೋನಿಗೆ ಸುದ್ದಿ ಬರ್ತದಂತೆ. ದುಡ್ಡು ಅವನದು, ಹೋಗಿ ಕೂರಿಸಿ ಕಲಿಸಿ ಬರುವ ಕೆಲಸ ನನ್ನದು.

ನಮ್ಮನೆ ಹಳೇ ಮನೆ. ಪ್ರತಿ ಬಾಗಿಲಿಗೂ ಹೊಸ್ತಿಲು, ಬಚ್ಚಲಿಗೆ ಎರಡು ಮೆಟ್ಟಿಲು ಇಳಿಬೇಕು. ಕರೆಂಟು ಮಳೆಗಾಲದಲ್ಲಿ ಹೋದರೆ ಹೋಯ್ತು, ಅದರ ಜತೆಗೆ ನೆಟ್‌ವರ್ಕೂ. ಆಯಿಗೆ ಹೇಳಿದರೆ "ಅದ್ಕೆ ತಿಂಬಲೆ ಎಂತ ಹಾಕವು?" ಅಂತ ಕೇಳಿ ನಕ್ಕಳು. ಅಪ್ಪಯ್ಯ ಏನೂ ಹೇಳಲಿಲ್ಲ.

ನಿಜವಾಗಿ ಮನೆಯಲ್ಲಿ ಇಂಥದ್ದು ಬಳಸಿದವರು, ಹತ್ತಿರದಿಂದ ಕಂಡವರು ಯಾರಾದರೂ ಇದ್ದರೆ ಹೇಳಿ. ಅಣ್ಣನಿಗೆ ಹೂಂ ಅನ್ನಲಾ, ಬೇಡ ಅನ್ನಲಾ?

---

ಕೋಡುಮಂಜ

ಅಕ್ಕಾ, ಅಣ್ಣ ದುಡ್ಡು ಹಾಕ್ತಿದ್ದಾರೆ ಅಂದ್ರೆ ಒಂದು ಸಲ ನೋಡೇಬಿಡಿ ಅನ್ನೋ ಪಾರ್ಟಿ ನಾನು. ಆದರೆ ಸೂಟ್‌ಕೇಸಿಗೆ ಹಾಕೋ ಮುಂಚೆ ಅಣ್ಣನ ಹತ್ರ ಕೆಲವು ವಿಷಯ ಕೇಳಿಸಿಕೊಳ್ಳಿ.

ಮೊದಲನೇದು, ಅದು ಇಂಡಿಯಾದಲ್ಲಿ ಕೆಲಸ ಮಾಡುತ್ತಾ? ಈ ಥರದ ಯಂತ್ರಗಳ ತಲೆ ಅದರೊಳಗೆ ಇರಲ್ಲ, ಕಂಪನಿ ಸರ್ವರಿನಲ್ಲಿ ಇರುತ್ತೆ. ಅಮೆಜಾನ್‌ನವರ ಆಸ್ಟ್ರೋ ಅನ್ನೋ ಮನೆ ರೋಬೋಟು 2021ರಲ್ಲಿ ಬಂತು, ಕೊಟ್ಟಿದ್ದು ಅಮೆರಿಕದವರಿಗೆ, ಅದೂ ಆಹ್ವಾನ ಸಿಕ್ಕವರಿಗೆ. ಅದನ್ನೇ ಅಂಗಡಿ ಆಫೀಸು ಕಾಯೋಕೆ ಅಂತ ಮಾರಿದ್ದರಲ್ಲ, ಅದನ್ನ 2024ರಲ್ಲಿ ನಿಲ್ಲಿಸಿಬಿಟ್ಟರು, ಕೊಂಡವರ ಯಂತ್ರ ಕೆಲಸ ನಿಲ್ಲಿಸ್ತು, ದುಡ್ಡು ವಾಪಸ್ ಕೊಟ್ಟರು. ಜಿಬೋ ಅನ್ನೋ ಪುಟ್ಟ ರೋಬೋಟಿನ ಕಥೆ ಇನ್ನೂ ಬೇಜಾರು. 2017ರಲ್ಲಿ ಕೊಂಡವರ ಮನೆಗೆ ಬಂತು, ತಲೆ ತಿರುಗಿಸಿ ಮಾತಾಡ್ತಿತ್ತು, ಕುಣೀತಿತ್ತು. ಕಂಪನಿ ಮುಚ್ಚಿತು, 2019ರಲ್ಲಿ ಸರ್ವರ್ ನಿಲ್ಲಿಸ್ತೀವಿ ಅಂತ ಆ ರೋಬೋಟಿನ ಬಾಯಲ್ಲೇ ಹೇಳಿಸಿದರು. ವಯಸ್ಸಾದವರು ಅದಕ್ಕೆ ಒಗ್ಗಿಕೊಂಡ ಮೇಲೆ ಹಿಂಗಾದ್ರೆ ಕಷ್ಟ.

ಎರಡನೇದು ಚಾರ್ಜರ್. ಅದರ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿದ್ರೆ ಪಿನ್ನು ಬದಲಾಯಿಸಿದರೆ ಸಾಕು, ಬರೀ 110–120 ಅಂತಿದ್ರೆ ನಮ್ಮ ಪ್ಲಗ್ಗಿಗೆ ಹಾಕಿದ ಕೂಡಲೇ ಹೊಗೆ. ವೈಫೈ ರೌಟರನ್ನ ಇನ್ವರ್ಟರ್ ಲೈನಿಗೆ ಹಾಕಿಸಿ, ಆದರೂ ಆ ಕಡೆ ಟವರಿನ ಬ್ಯಾಟರಿ ಸತ್ತರೆ ಏನೂ ಮಾಡಕ್ಕಾಗಲ್ಲ.

ಮೂರನೇದು ಭಾಷೆ. ಫೋನಿನ ಗೂಗಲ್ ಕನ್ನಡ ಅರ್ಥ ಮಾಡ್ಕೊಳುತ್ತೆ, ಆದರೆ ಅಮೆರಿಕದ ರೋಬೋಟು ನಿಮ್ಮ ತಂದೆ ಹವ್ಯಕದಲ್ಲಿ ಮಾತಾಡಿದರೆ ಪಿಳಿಪಿಳಿ ನೋಡುತ್ತೆ ಅಷ್ಟೇ. ಅದರ ಮೇಲೆ ಅವರ ದನಿ ಸಣ್ಣಗಾಗಿದೆ ಅಂತೀರಿ. ನನಗೆ ಇದೇ ದೊಡ್ಡ ತೊಂದರೆ ಅನ್ಸುತ್ತೆ.

---

ಊರಿನವ

ರೋಬೋಟ್ ಕಳಿಸುವ ಬದಲು ಮಕ್ಕಳೇ ಬಂದು ಇರಬಹುದಲ್ಲ? ನಮ್ಮ ಕಾಲದಲ್ಲಿ ಇದೆಲ್ಲ ಕೇಳಿರಲಿಲ್ಲ.

---

ಕುಂದಾಪುರದಿಂದ ಸೈತಾಮ

ಊರಿನವರೇ, ಆ ಮಾತನ್ನು ಅವರು ದಿನಾ ಮನಸ್ಸಿನಲ್ಲಿ ಹೇಳಿಕೊಳ್ತಿರ್ತಾರೆ, ನೀವು ಹೇಳಬೇಕೆಂದಿಲ್ಲ.

ತೋಟದಮನೆ ಅವರೇ, ನಾನು ಉಡುಪಿ ಕಡೆ ನರ್ಸ್ ಆಗಿದ್ದವಳು, ಈಗ ಜಪಾನಿನ ಸೈತಾಮದಲ್ಲಿ ಒಂದು ವೃದ್ಧಾಶ್ರಮದಲ್ಲಿ ಆರೈಕೆ ಕೆಲಸ. ಊರಿಗೆ ಹೋದಾಗೆಲ್ಲ "ಅಲ್ಲಿ ಎಲ್ಲ ರೋಬೋಟೇ ಮಾಡ್ತದಂತೆ ಅಲ್ವಾ, ನಿನಗೆಂಥ ಕೆಲಸ?" ಅಂತ ಕೇಳುವವರಿದ್ದಾರೆ. ಅವರು ಒಂದು ದಿನ ನನ್ನ ಸೊಂಟ ಕಟ್ಟಿಕೊಂಡು ತಿರುಗಬೇಕು.

ಮುದುಕರನ್ನು ಎತ್ತಿ ಕೂರಿಸಿ, ಮೀಯಿಸಿ, ಉಣ್ಣಿಸುವ ಮನುಷ್ಯಾಕಾರದ ಯಂತ್ರ ನಾನು ಇಲ್ಲಿ ಎಲ್ಲೂ ಕಂಡಿಲ್ಲ. ನೀವು ಚಿತ್ರದಲ್ಲಿ ನೋಡಿರಬಹುದು, ಬಿಳಿ ಕರಡಿ ಮುಖದ್ದು, ಒಬ್ಬರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತದ್ದು. ಅದು ರೋಬೇರ್, ರೀಕೆನ್ ಸಂಶೋಧನಾ ಸಂಸ್ಥೆಯವರು 2015ರಲ್ಲಿ ತೋರಿಸಿದ್ದು. ಅದರದ್ದೇ ತೂಕ 140 ಕಿಲೋ. ಮಾರಾಟಕ್ಕೆ ಬರಲೇ ಇಲ್ಲ, ಆದರೆ ಚಿತ್ರ ಮಾತ್ರ ಇವತ್ತಿಗೂ ತಿರುಗ್ತಾ ಇದೆ.

ಇಲ್ಲಿನ ಸರ್ಕಾರ ಆರೈಕೆ ರೋಬೋಟ್ ಅಂತ ಪಟ್ಟಿ ಮಾಡಿದೆ. 2017ರ ಪಟ್ಟಿಯಲ್ಲಿ 6 ವಿಭಾಗ, 13 ಬಗೆ. ಎತ್ತುವುದಕ್ಕೆ, ನಡೆಯುವುದಕ್ಕೆ, ಶೌಚಕ್ಕೆ, ಸ್ನಾನಕ್ಕೆ, ನಿಗಾ ಇಡುವುದಕ್ಕೆ, ನಮ್ಮಂಥವರ ಬರೆಯುವ ಕೆಲಸಕ್ಕೆ. ನೋಡಿದರೆ ಅದರಲ್ಲಿ ಕಣ್ಣು ಮೂಗು ಇರುವುದು ಕಡಿಮೆ. ಇಳಿಜಾರಿನಲ್ಲಿ ತಾನೇ ಬ್ರೇಕ್ ಹಿಡಿಯುವ ನಡೆಗಾಡಿ, ಹಾಸಿಗೆ ಅಡಿಯ ಸೆನ್ಸರ್ ಇಂಥದ್ದೇ.

ಎತ್ತುವ ವಿಷಯಕ್ಕೆ ಬರ್ತೇನೆ, ಯಾಕಂದರೆ ಆಯಿಯ ಸಮಸ್ಯೆ ಅದೇ. 2013ರಿಂದ ಇಲ್ಲಿನ ಆರೋಗ್ಯ ಮತ್ತು ಕಾರ್ಮಿಕ ಸಚಿವಾಲಯದ ಮಾರ್ಗಸೂಚಿ, ಸಾಧ್ಯವಾದಷ್ಟು ಮನುಷ್ಯರನ್ನು ಬರೀ ಕೈಯಲ್ಲಿ ಎತ್ತಬೇಡಿ ಅನ್ನುತ್ತದೆ. ಅದಕ್ಕೆ ನಮ್ಮಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಒಂದು ಸೂಟು ಇದೆ. ಕೈಪಂಪಿನಿಂದ ಗಾಳಿ ತುಂಬಬೇಕು, ಬಗ್ಗಿ ಏಳುವಾಗ ಅದು ಸೊಂಟವನ್ನು ಹಿಂದಕ್ಕೆ ಎಳೆಯುತ್ತದೆ. ಸಹಾಯ ಆಗುವುದು ನಿಜ. ಆದರೆ ಬೆಲ್ಟು ಬಿಗಿದು ಪಂಪು ಹೊಡೆಯುವಷ್ಟರಲ್ಲಿ ಮೂರನೇ ರೂಮಿನ ಅಜ್ಜಿ ಪಾಯಿಖಾನೆಗೆ ಅಂತ ಎರಡು ಸಲ ಕರೆದಿರ್ತಾರೆ. ಹಾಗಾಗಿ ಅದು ಹೆಚ್ಚಿನ ದಿನ ಮೊಳೆಗೆ ನೇತಾಡಿಕೊಂಡೇ ಇರುತ್ತದೆ. ಬಳಸುವುದು ಬರೀ ಸ್ನಾನದ ದಿನ, ಒಂದರ ಹಿಂದೊಂದು ಎತ್ತುವುದಿರುವಾಗ.

ಇನ್ನು ಪಾರೋ. ಸೀಲ್ ಮರಿಯ ಹಾಗಿರುವ ರೋಬೋಟು. ತಕನೊರಿ ಶಿಬಾತ ಅನ್ನುವವರು 1993ರಿಂದ ಅದರ ಮೇಲೆ ಕೆಲಸ ಮಾಡಿದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಅದನ್ನು ವೈದ್ಯಕೀಯ ಸಾಧನ ಅಂತ ಒಪ್ಪಿತು, ಆಗ ಬೆಲೆ ಸುಮಾರು 6000 ಡಾಲರ್. ನಮ್ಮಲ್ಲಿರುವುದನ್ನು ಸಂಜೆ ಹೊತ್ತು ತೊಡೆ ಮೇಲೆ ಇಡ್ತೇವೆ. ಎರಡೂಮುಕ್ಕಾಲು ಕಿಲೋ ಹತ್ತಿರ, ಎತ್ತಿಕೊಂಡರೆ ಕೈಗೆ ಭಾರ ಗೊತ್ತಾಗ್ತದೆ. ಮೈ ಸವರಿದರೆ ಕಣ್ಣು ಮುಚ್ಚಿ ತೆರೆದು ಕುಂಯ್ ಅನ್ನುತ್ತದೆ. ಚಾರ್ಜ್ ಮಾಡುವುದು ಬಾಯಿಗೆ ಮಕ್ಕಳ ನಿಪ್ಪಲ್ಲಿನಂಥದ್ದು ಇಟ್ಟು. ಮರೆವಿನ ಕಾಯಿಲೆಯ ಅಜ್ಜಿಯೊಬ್ಬರು ಸಂಜೆಯಾದರೆ ಮನೆಗೆ ಹೋಗಬೇಕು ಅಂತ ಬಾಗಿಲು ಬಡಿಯುವವರು, ಅದನ್ನು ಕೊಟ್ಟರೆ ಕೂತು ಅದರ ಹತ್ತಿರ ಗಂಡನ ಮೇಲೆ ದೂರು ಹೇಳ್ತಾರೆ. ಪಕ್ಕದ ಅಜ್ಜ ಇದ್ದಾರೆ, ರೈಲ್ವೆಯಲ್ಲಿದ್ದವರು, ಒಮ್ಮೆ ಅವರ ತೊಡೆ ಮೇಲೆ ಇಟ್ಟದ್ದಕ್ಕೆ ಸಿಟ್ಟು ಬಂದು ಊಟ ಬಿಟ್ಟರು. ನಿಮ್ಮ ಅಪ್ಪಯ್ಯನಿಗೆ ಬುದ್ಧಿ ಸ್ವಚ್ಛ ಇದೆ, ಬಿಗಿದಿರುವುದು ಮೈ. ಅವರೂ ಈ ಅಜ್ಜನ ಪೈಕಿಯವರೇ ಇರಬಹುದು ಅಂತ ನನ್ನ ಊಹೆ.

ನಿಜವಾಗಿ ಕೆಲಸಕ್ಕೆ ಬಂದದ್ದು ಯಾವುದು ಅಂತ ಕೇಳಿದರೆ ಆ ಹಾಸಿಗೆ ಅಡಿಯ ಹಾಳೆ. ತೆಳ್ಳಗಿನ ಹಲಗೆ ಅಂದರೂ ಸರಿ. ಮಲಗಿದವರ ಉಸಿರು, ಹೊರಳಾಟ ಅದಕ್ಕೆ ಗೊತ್ತಾಗುತ್ತದೆ. ರಾತ್ರಿ ಪಾಳಿಯಲ್ಲಿ ನನ್ನ ಜೇಬಿನ ಫೋನಿನಲ್ಲಿ ಒಂದೊಂದು ರೂಮಿನವರದ್ದೂ ಕಾಣುತ್ತದೆ: ನಿದ್ದೆ, ಎಚ್ಚರ, ಎದ್ದು ಕೂತಿದ್ದಾರೆ. ಮುಂಚೆ ಟಾರ್ಚ್ ಹಿಡಿದು ಎಲ್ಲ ರೂಮಿಗೂ ಹೋಗಿ, ನಿದ್ದೆ ಬಂದವರನ್ನೂ ಎಬ್ಬಿಸಿ ಬರುವುದಾಗಿತ್ತು. ಈಗ ಎದ್ದು ಕೂತವರ ಹತ್ತಿರ ಮಾತ್ರ ಹೋಗ್ತೇನೆ, ಅವರು ಕಾಲು ಕೆಳಗೆ ಬಿಡುವಷ್ಟರಲ್ಲಿ ಬಾಗಿಲಲ್ಲಿರ್ತೇನೆ.

ಇಲ್ಲೇ ನಿಮಗೆ ಹೇಳಬೇಕಾದ ಮಾತು ಇರುವುದು. ಆ ಹಾಳೆ ಕೆಲಸ ಮಾಡುವುದು ಹತ್ತು ಹೆಜ್ಜೆ ದೂರದಲ್ಲಿ ನಾನು ಇರುವುದರಿಂದ. ಅಣ್ಣ ಕಳಿಸುವ ರೋಬೋಟು ಅಪ್ಪಯ್ಯ ಬಿದ್ದದ್ದನ್ನು ಕಂಡಿತು ಅಂತಲೇ ಇಟ್ಟುಕೊಳ್ಳಿ. ಸಿಯಾಟಲ್‌ಗೆ ಸುದ್ದಿ ಹೋಯ್ತು, ಬೆಂಗಳೂರಿಗೆ ಹೋಯ್ತು. ಆಮೇಲೆ? ಬಚ್ಚಲಿಗೆ ಓಡಿಬರುವವರು ಯಾರು? ಹತ್ತು ನಿಮಿಷದಲ್ಲಿ ಬರಬಲ್ಲ ಇಬ್ಬರ ಹೆಸರು, ಫೋನ್ ನಂಬರು ಗೊತ್ತುಮಾಡದೆ ಯಾವ ಯಂತ್ರ ತಂದರೂ ನೀವು ದೂರದಿಂದ ನೋಡಿ ಅಳುವುದಕ್ಕೆ ಒಂದು ಕಿಟಕಿ ಕೊಂಡುಕೊಂಡ ಹಾಗೆ. ತೋಟದ ಕೆಲಸಕ್ಕೆ ಬರುವವರಲ್ಲಿ ಒಬ್ಬರು, ಕೇರಿಯ ಹುಡುಗನೊಬ್ಬ, ಇವರಿಗೆ ತಿಂಗಳಿಗೆ ಇಷ್ಟು ಅಂತ ಮಾತಾಡಿ ಕೊಡಿ. ಸುಮ್ಮನೆ ಉಪಕಾರ ಅಂತ ಕೇಳಿದರೆ ಎರಡನೇ ಸಲಕ್ಕೆ ಸಂಕೋಚ ಆಗ್ತದೆ, ಆಯಿ ಕರೆಯುವುದೇ ಇಲ್ಲ.

ಅದಾದ ಮೇಲೆ ಸಣ್ಣ ಯಂತ್ರಗಳು. ಬ್ಯಾಟರಿಯ ವೈರ್‌ಲೆಸ್ ಕಾಲಿಂಗ್ ಬೆಲ್ ತನ್ನಿ. ಬಟನ್ನನ್ನು ಬಚ್ಚಲಿನಲ್ಲಿ ನೆಲದಿಂದ ಒಂದು ಗೇಣು ಎತ್ತರಕ್ಕೆ ಹಾಕಿ, ನಿಂತವರ ಕೈಗಲ್ಲ, ಬಿದ್ದವರ ಕೈಗೆ ಸಿಗಬೇಕು. ಗಂಟೆ ಕೊಟ್ಟಿಗೆಯಲ್ಲಿರಲಿ. ಇದಕ್ಕೆ ಟವರೂ ಬೇಡ, ಸಿಯಾಟಲೂ ಬೇಡ.

ಮಾತ್ರೆಗೆ ಬೀಗ ಇರುವ, ತಾನೇ ತಿರುಗುವ ಡಬ್ಬಿ ಬರುತ್ತದೆ, 28 ಖಾನೆಯದ್ದು. ಹೊತ್ತಿಗೆ ಸರಿಯಾಗಿ ಒಂದು ಖಾನೆ ಬಾಯಿಗೆ ಬಂದು ಕೂಗುತ್ತದೆ, ಡಬ್ಬಿ ಮಗುಚಿ ಮಾತ್ರೆ ತೆಗೆಯುವವರೆಗೆ ಬಿಡುವುದಿಲ್ಲ. ದಿನಕ್ಕೆ ಐದು ಅಂದರೆ ಐದು ದಿನಕ್ಕೊಮ್ಮೆ ತುಂಬಬೇಕು. ಲೆವೊಡೋಪಾ (ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಔಷಧ) ಇರುವ ಮಾತ್ರೆ ಆದರೆ ಹೊತ್ತು ತಪ್ಪುವ ಹಾಗಿಲ್ಲ, ತಪ್ಪಿದರೆ ಮೈ ಬಿಗಿಯುವುದನ್ನು ನೀವೇ ಕಂಡಿರ್ತೀರಿ. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಲು ಹೇಳ್ತಾರೆ, ಬೇಳೆ, ಹಾಲಿನಂಥ ಪ್ರೋಟೀನ್ ಊಟದ ಜತೆ ಹೋದರೆ ಅದು ಮೈಗೆ ಹಿಡಿಯುವುದು ಕಡಿಮೆ. ನಿಮ್ಮ ಡಾಕ್ಟರ್ ಏನು ಹೇಳಿದ್ದಾರೆ ಅಂತ ಇನ್ನೊಮ್ಮೆ ಕೇಳಿಕೊಳ್ಳಿ. ನನ್ನ ಲೆಕ್ಕದಲ್ಲಿ ನಿಮ್ಮ ಮನೆಗೆ ಬೇಕಾದ ರೋಬೋಟು ಈ ಡಬ್ಬಿ.

---

ನಿವೃತ್ತ ಮಾಸ್ತರ, ಧಾರವಾಡ

ತಂಗಿ, ನಿಮ್ಮ ಅಪ್ಪಾರು ಏನೂ ಹೇಳಲಿಲ್ಲ ಅಂತ ಬರದೀಯಲ್ಲ, ಆ ಸಾಲಿಗಾಗಿ ನಾ ಇದನ್ನ ಬರ್ಯಾಕತ್ತೀನಿ. ನನಗ 71. ನನಗೂ ಅದs ಪಾರ್ಕಿನ್ಸನ್ ಐತಿ, ಒಂಬತ್ತು ವರ್ಷ ಆತು. ಬೆರಳಲೆ ಟೈಪ್ ಮಾಡಾಕ ಆಗೂದಿಲ್ಲ, ಮುಂಜಾನೆ ಗುಳಿಗಿ ಹತ್ತಿದ ಮ್ಯಾಲೆ ದನಿ ಸ್ವಲ್ಪ ಏರತೈತಿ, ಆವಾಗ ಫೋನಿಗೆ ಮಾತಾಡಿ ಬರಸ್ತೀನಿ. ಅದು ಬೆಂಗಳೂರು ಕನ್ನಡ ಬರೀತೈತಿ, ಮೊಮ್ಮಗಳು ಕುಂತು ನಮ್ಮ ಕನ್ನಡಕ್ಕ ತಿದ್ದತಾಳ.

ನಮ್ಮ ಮಗ ಪುಣೇದಾಗ ಅದಾನ. ಹೋದ ವರ್ಷ ಇಂಥದ್ದs ಚಕ್ರದ ಗಾಡಿ ತಂದಿಟ್ಟಾ. ಕಂಪನಿ ಹೆಸರು ಬ್ಯಾಡ. ಹೊಸ್ತಲಾ ದಾಟೂದಿಲ್ಲ ಅದು. ಪಡಸಾಲ್ಯಾಗ ಬಿಟ್ರ ಪಡಸಾಲಿ, ಅಡಗಿಮನ್ಯಾಗ ಬಿಟ್ರ ಅಡಗಿಮನಿ. ಮಗ ಹೊಸ್ತಲಕ್ಕ ಎರಡೂ ಕಡೆ ಕಟಿಗಿ ಇಳಿಜಾರ ಮಾಡಿಸಿದಾ. ಗಾಡಿ ದಾಟಿತು, ನನ್ನ ಕಾಲು ಆ ಇಳಿಜಾರಕ್ಕ ತಡದ್ವು. ನಮ್ಮಂಥವರು ಕಾಲು ಎತ್ತಿ ಇಡೂದಿಲ್ಲ, ಜರಗಿಸ್ತೀವಿ. ಆವತ್ತs ಅದನ್ನ ಕಿತ್ತ ಹಾಕಿಸಿದ್ನಿ. ಕಾಲಾಗ ಅಡ್ಡ ಬರೂ ಕುನ್ನಿ ಹೊರಗ ಹಾಕಿದ್ರ ಹೋಗತೈತಿ, ಇದು ಹೋಗಂಗಿಲ್ಲ.

ಆದ್ರ ಅದು ದೊಡ್ಡ ಮಾತಲ್ಲ. ನಾ ಧೋತರ ಉಟಗೊಳ್ಳಾಕ ಹೆಣಗತಿರ್ತೀನಿ, ಹಿಂದ ಮೋಟಾರಿನ ಸಪ್ಪಳ. ತಿರಗಿ ನೋಡಿದ್ರ ಸ್ಕ್ರೀನಿನ್ಯಾಗ ಮಗನ ಮಾರಿ. "ಅಪ್ಪಾ, ಆರಾಮಿದ್ದೀಯಾ?" ಅಂತ. ಅವನ ಕಾಳಜಿ ನನಗ ತಿಳೀತೈತಿ. ಆದ್ರ ನನ್ನ ಮನ್ಯಾಗ ನಾ ಯಾವಾಗ ಯಾರ ಕಣ್ಣಿಗೆ ಬೀಳಬೇಕು ಅನ್ನೂದು ನನ್ನ ಕೈಯಾಗ ಇರಬೇಕಲ್ಲ? ಆಮ್ಯಾಲೆ ಒಂದು ಕರಾರು ಮಾಡಿದ್ವಿ. ನಾ ಫೋನಿನ್ಯಾಗ ಹೂಂ ಅಂದ್ರs ಕ್ಯಾಮೆರಾ ತೆರೀಬೇಕು. ಈಗ ಅದು ದೇವರ ಮನಿ ಮಗ್ಗಲಕ ನಿಂತೈತಿ, ರವಿವಾರ ಮೊಮ್ಮಕ್ಕಳ ಕೂಡ ಮಾತಾಡಾಕ ಛಲೋ ಆಗತೈತಿ, ಸ್ಕ್ರೀನ್ ದೊಡ್ಡದು.

ಕ್ಯಾಲಿಫೋರ್ನಿಯಾದಾಗ ಹೆನ್ರಿ ಇವಾನ್ಸ್ ಅನ್ನಾವನ ಬಗ್ಗೆ ಓದಿದ್ದೆ. 2002ರಾಗ, ನಲವತ್ತನೇ ವಯಸ್ಸಿಗೆ ಸ್ಟ್ರೋಕ್ ಆಗಿ ಕೈಕಾಲು ಹೋದ್ವು, ಮಾತೂ ಹೋತು. ತಲಿ ಅಲ್ಲಾಡಿಸಿ ಕಂಪ್ಯೂಟರಿನ ಬಾಣ ಸರಸ್ತಿದ್ದಾ. ಪಿಆರ್2 ಅಂತ ದೊಡ್ಡ ರೋಬೋಟ್ ಕೈಯಿಂದ ತನ್ನ ಗಡ್ಡ ತಾನs ಬೋಳಿಸಿಕೊಂಡಾ, ಮಾರಿ ಕೆರಕೊಂಡಾ. ಎಷ್ಟೋ ವರ್ಷ ಆದ ಮ್ಯಾಲೆ ತಾನಾಗೇ ಕೆರಕೊಂಡಿದ್ದು! ಆ ಸುಖ ಆರಾಮಿದ್ದವರಿಗೆ ತಿಳೀದಿಲ್ಲ. ಆಮ್ಯಾಲೆ ಸ್ಟ್ರೆಚ್ ಅಂತ ಸಣ್ಣ ರೋಬೋಟ್, ಒಂದs ಕೈ, ತೂಕ ಇಪ್ಪತ್ನಾಕು ಕಿಲೋ ಆಸುಪಾಸು, ಅದನ್ನ ಮನ್ಯಾಗ ಇಟಗೊಂಡು ನಡಿಸಿದಾ. ಅಲ್ಲಿ ನಡಸಾವ ಅವನs. ಅದು ಅವನ ಕೈ ಆತು. ನನ್ನ ಮಗ ಪುಣೇದಾಗ ಕುಂತು ನಡಿಸೂ ಗಾಡಿ ಮಗನ ಕಣ್ಣು, ನನಗ ಅದರಿಂದ ಒಂದು ಬಟನ್ ಹಾಕೊಳ್ಳೂದೂ ಆಗಲಿಲ್ಲ.

ಬಾಗಲದಾಗ ಕಾಲು ಅಂಟಕೊಳ್ಳೂದಕ್ಕ ನನಗ ಫಿಜಿಯೋಥೆರಪಿ ಮಾಡೂ ಹುಡುಗಿ ಒಂದು ಹಿಕಮತ್ತು ಹೇಳಿಕೊಟ್ಟಾಳ. ನೆಲದ ಮ್ಯಾಲೆ ಅಡ್ಡ ಪಟ್ಟಿ ಅಂಟಸೂದು, ಬಣ್ಣದ ಟೇಪು. ಬಾಗಲಕ್ಕ ಈ ಕಡೆ ನಾಕು, ಆ ಕಡೆ ನಾಕು, ಒಂದು ಹೆಜ್ಜಿ ಅಂತರ. ಪಟ್ಟಿ ದಾಟಬೇಕು ಅಂತ ಮನಸಿನ್ಯಾಗ ಬಂದ ಕೂಡಲೇ ಕಾಲು ಏಳತಾವ. ಬಯಲು ನೆಲದಾಗ ಏಳದ ಕಾಲು ಗೆರಿ ಕಂಡ್ರ ಏಳತೈತಿ, ಮೆಟ್ಟಲಾ ಸಲೀಸ ಏರತೀವಿ. ಮಿದುಳಿನ ಆಟ ಅದು. ಕೋಲಿನ ತುದಿಯಿಂದ ಲೇಸರ್ ಗೆರಿ ಬೀಳೂ ಬಡಿಗಿ ಸುದ್ದಾ ಬರತಾವ. ಎಲ್ಲಾರಿಗೂ ಹತ್ತತೈತಿ ಅಂತಲ್ಲ, ನನಗ ಹತ್ತೇತಿ. ಇನ್ನೊಂದು ತಾಳ. ನಾ ಮನಸಿನ್ಯಾಗ ಲೆಫ್ಟ್ ರೈಟ್ ಅಂತೀನಿ, ಎನ್‌ಸಿಸಿ ಮಾಸ್ತರ ಆಗಿದ್ದೆ. ನಿಮ್ಮ ಅಪ್ಪಾರು ಭಾಗವತರು, ಅವರಿಗೆ ತಾಳದ್ದೇನು ಬರ ಐತಿ?

ಊರಿನವರಿಗೆ ಒಂದು ಮಾತು: ನನ್ನ ಮಗ ನೌಕರಿ ಬಿಟ್ಟು ಬಂದು ನನ್ನ ಮುಂದ ಕುಂತ್ರ ನನಗ ಇರೂ ನಿದ್ದೀನೂ ಹೋಗತೈತಿ.

---

ತೋಟದಮನೆ ಮಗಳು

ಮಾಸ್ತರೇ, ನಿಮ್ಮ ಉತ್ತರವನ್ನ ಆಯಿಗೆ ಫೋನಿನಲ್ಲಿ ಓದಿ ಹೇಳಿದೆ. ಅಪ್ಪಯ್ಯ ಪಕ್ಕದಲ್ಲೇ ಕೂತಿದ್ದರಂತೆ. ಧೋತರದ ಸಾಲು ಬಂದಾಗ ನಕ್ಕರಂತೆ, ಆಮೇಲೆ "ಬಚ್ಚಲಲ್ಲಿ ಕ್ಯಾಮೆರಾ ಬೇಡ, ಮಾಣಿಗೆ ಹೇಳು" ಅಂದರಂತೆ. ಇಷ್ಟು ದಿನ ಅವರನ್ನ ಕೇಳಿಯೇ ಇರಲಿಲ್ಲವಲ್ಲ ಅಂತ ಅಣ್ಣನಿಗೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸಿಟ್ಟಾಗಿದ್ದ, ಆಮೇಲೆ ಜಗಲಿಯಲ್ಲಿ ಇಡುವ ದೊಡ್ಡ ಸ್ಕ್ರೀನು ಸಾಕಾ ಅಂತ ಕೇಳಿದ. ಚಕ್ರ ಬೇಡ ಅಂದೆ.

ತೋಟಕ್ಕೆ ಬರುವ ಒಬ್ಬರ ಹತ್ತಿರ ಮಾತಾಡಿದ್ದೇನೆ, ಒಪ್ಪಿದ್ದಾರೆ. ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಅವರೂ ಮರದ ಮೇಲೆ ಇರ್ತಾರೆ, ಹಾಗಾಗಿ ಎರಡನೇ ಹೆಸರು ಹುಡುಕಬೇಕು.

ಸೈತಾಮದವರೇ, ಬೀಳುವುದನ್ನ ಕಂಡುಹಿಡಿಯುವ ವಾಚು ಸರಿಯಾ? ಅಣ್ಣ ಈಗ ಅದಕ್ಕೆ ಬಂದು ನಿಂತಿದ್ದಾನೆ. ಕ್ಯಾಮೆರಾ ಇಲ್ಲದೆ ಗೋಡೆಗೆ ಹಾಕುವ ರೇಡಾರ್ ಅಂತಲೂ ಹೇಳಿದ. ಮಾಸ್ತರೇ, ಟೇಪು ಯಾವ ಬಣ್ಣದ್ದು? ನಮ್ಮನೆ ನೆಲ ಕೆಂಪು ಕಾವಿ.

---

ಕುಂದಾಪುರದಿಂದ ಸೈತಾಮ

ವಾಚು ಆಗಬಹುದು, ಆದರೆ ದಿನಾ ಚಾರ್ಜಿಗೆ ಹಾಕುವುದು ಯಾರು ಅಂತ ನೋಡಿ. ನಡುಗುವ, ಬಿಗಿದ ಕೈಗೆ ಅದರ ಪಟ್ಟಿ ಹಾಕಿಕೊಳ್ಳುವುದೂ ಒಂದು ಕೆಲಸವೇ. ಜೋರಾಗಿ ಕುರ್ಚಿಗೆ ಕುಸಿದು ಕೂತರೂ ಬಿದ್ದರು ಅಂತ ಹೇಳುವುದುಂಟು, ಗೋಡೆಗೆ ಒರಗಿಕೊಂಡು ಮೆಲ್ಲ ಜಾರಿದರೆ ಸುಮ್ಮನಿರುವುದೂ ಉಂಟು. ಪಾರ್ಕಿನ್ಸನ್‌ನವರು ಎಷ್ಟೋ ಸಲ ಹೀಗೇ ಜಾರುವುದು.

ರೇಡಾರ್ ಅಲೆ ಕಳಿಸಿ ಅಲುಗಾಟ ಗುರುತಿಸ್ತದೆ, ಚಿತ್ರ ತೆಗೆಯುವುದಿಲ್ಲ, ಅಪ್ಪಯ್ಯನ ಆಕ್ಷೇಪ ಅದಕ್ಕಿಲ್ಲ. ಆದರೆ ಹೆಚ್ಚಿನವಕ್ಕೆ ನೆಟ್ ಬೇಕು. ನಿಮ್ಮ ಮಳೆಗಾಲಕ್ಕೆ ನಾನು ಬೆಲ್ಲನ್ನೇ ನಂಬ್ತೇನೆ.

ಮೊದಲು ಬಚ್ಚಲಿನ ಎರಡು ಮೆಟ್ಟಿಲಿಗೆ ಎರಡೂ ಕಡೆ ಹಿಡಿಕೆ ಹಾಕಿಸಿ, ಸ್ಟೀಲಿನದ್ದು, ಗೋಡೆಗೆ ಆಳವಾಗಿ ಕೂರಿಸಿ. ಹಳೇ ಮಣ್ಣಿನ ಗೋಡೆ ಆದರೆ ಬೋಲ್ಟು ಹಿಡಿಯುವುದಿಲ್ಲ, ನೆಲದಿಂದ ಕಂಬ ನಿಲ್ಲಿಸಬೇಕು. ಸ್ನಾನಕ್ಕೆ ಕೂರುವ ಸ್ಟೂಲು. ರಾತ್ರಿ ಹಾಸಿಗೆಯಿಂದ ಏಳುವಾಗ ಒಂದೇ ಸಲಕ್ಕೆ ನಿಲ್ಲಬಾರದು, ಕಾಲು ಕೆಳಗೆ ಬಿಟ್ಟು ಸ್ವಲ್ಪ ಕೂತು ಆಮೇಲೆ. ಈ ಕಾಯಿಲೆಯಲ್ಲಿ, ಈ ಮಾತ್ರೆಗಳಲ್ಲಿ ನಿಂತ ಕೂಡಲೇ ಬಿಪಿ ಇಳಿಯುವುದು ಸಾಮಾನ್ಯ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಲು ಹೇಳಿ.

ಎತ್ತುವುದಕ್ಕೆ ಅಪ್ಪಯ್ಯನ ಸೊಂಟಕ್ಕೆ ಕಟ್ಟುವ, ಹಿಡಿಕೆ ಇರುವ ಬೆಲ್ಟು ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗ್ತದೆ. ಆಯಿ ಒಬ್ಬಳೇ ಎತ್ತಲು ಹೋಗುವುದು ಬೇಡ. ಬಿದ್ದರೆ ತಲೆ ಕೆಳಗೆ ದಿಂಬು, ಮೇಲೆ ಕಂಬಳಿ, ಆಮೇಲೆ ಆ ಇಬ್ಬರಿಗೆ ಫೋನು. ಪೆಟ್ಟಾಗಿದೆ ಅನ್ನಿಸಿದರೆ 108. ಹಿರಿಯರ ಸಹಾಯವಾಣಿ 14567 ಕೂಡ ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ, ತುರ್ತಿಗಲ್ಲ, ಯಾವುದಾದರೂ ಮಾಹಿತಿ ಬೇಕಾದರೆ.

---

ಕೋಡುಮಂಜ

ಜಗಲಿ ಸ್ಕ್ರೀನಿಗೆ ಒಂದು ಐಡಿಯಾ. ಕರೆ ಬಂದರೆ ತಾನೇ ತೆರೆಯೋ ಸೌಲಭ್ಯ ಇರುತ್ತೆ, ಅದನ್ನ ಆಫ್ ಮಾಡಿ ಇಡಿ, ಅವರು ಒತ್ತಿದರೆ ಮಾತ್ರ ತೆರೀಲಿ. ಕ್ಯಾಮೆರಾ ಮುಚ್ಚೋ ಸಣ್ಣ ಬಾಗಿಲು ಇರೋದನ್ನೇ ತಗೊಳ್ಳಿ.

---

ನಿವೃತ್ತ ಮಾಸ್ತರ, ಧಾರವಾಡ

ಕೆಂಪು ನೆಲಕ್ಕ ಬಿಳೇದು ಇಲ್ಲಾ ಹಳದಿ. ಎರಡು ಬೆರಳು ಅಗಲ ಇರಲಿ. ಅಂಗಡ್ಯಾಗ ನೆಲಕ್ಕ ಹಚ್ಚೂ ಟೇಪು ಅಂತ ಕೇಳು. ಪ್ಲಾಸ್ಟಿಕ್ಕಿನ ನುಣುಪು ಟೇಪು ತರಬ್ಯಾಡ, ಹಸೀ ಕಾಲಿಗೆ ಜಾರತೈತಿ. ತುದಿ ಎದ್ದಿತಂದ್ರ ಅವತ್ತs ಕಿತ್ತು ಹೊಸದು ಹಚ್ಚಬೇಕು, ಇಲ್ಲಾಂದ್ರ ಅದs ಕಾಲಿಗೆ ತೊಡಕಾಗತೈತಿ. ನಿಮ್ಮ ಕಡೆ ಮಳಿಗಾಲದಾಗ ನೆಲ ಬೆವರತೈತಿ, ಟೇಪು ನಿಲ್ಲಲಿಕ್ಕಿಲ್ಲ. ಹಂಗಾದ್ರ ಬಣ್ಣಾ ಬಳಿಸಿಬಿಡು. ಅಂತರ ಮಾತ್ರ ನೀ ಅಳದು ಹಾಕಬ್ಯಾಡ, ಅಪ್ಪಾರನ್ನ ನಡಿಸಿ ಅವರ ಹೆಜ್ಜಿ ಎಲ್ಲಿ ಬೀಳತೈತಿ ನೋಡಿ, ಅದಕ್ಕಿಂತ ಒಂದು ಬಟ್ಟು ಮುಂದ ಗೆರಿ ಹಾಕು.